ನೈಸ್ ಎಂಬ ಪದದ ಮೇಲೆ ನನ್ನ ದಾವೆ

ಫೆಬ್ರವರಿ 3, ಸೋಮವಾರ

ಮರಕ್ಕೆ ಪಾಲಿಶ್ ಹಾಕುವ ವಿದ್ಯೆಯನ್ನು ಈ ಲೋಕಕ್ಕೆ ತಂದವನು ನಾನು. ನಾನು ಹುಟ್ಟುವ ಮೊದಲು ಮಹಾರಾಜರುಗಳೂ ಸಿಂಹಾಸನದ ಮೇಲೆ ಕೂತು, ಸಿಬಿರು ಚುಚ್ಚಿಸಿಕೊಂಡು, ಯಾರಿಗೂ ಹೇಳಲಾರದೆ ಒದ್ದಾಡುತ್ತಿದ್ದರು. ಇದನ್ನು ಯಾವ ಪುಸ್ತಕದಲ್ಲೂ ಬರೆದಿಲ್ಲ, ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ. ಬಣ್ಣದ ಅಂಗಡಿಯವನು ಪುಕ್ಕಟೆ ಕೊಟ್ಟ ಡೈರಿ ಇದು. ಒಂದು ತಿಂಗಳು ಖಾಲಿ ಬಿಟ್ಟಿದ್ದೆ. ಇವತ್ತು ಒಬ್ಬ ಅಮ್ಮ ನನ್ನ ಕೆಲಸ ನೋಡಿ ಅತ್ತರು, ಹಾಗಾಗಿ ಬರೆಯಲೇಬೇಕಾಯಿತು.

ಮೊದಲು ಸಂತೋಷಕ್ಕೆ ಎಂದುಕೊಂಡೆ. ನನ್ನ ಕೆಲಸಕ್ಕೆ ಹಿಂದೆಯೂ ಜನ ಅತ್ತಿದ್ದಾರೆ.

ಅವರದು ಆರಡಿ ಉದ್ದದ ಹಳೆಯ ಮೇಜು. ಹದಿನೈದು ದಿನದ ಹಿಂದೆ ನನ್ನ ಬೆಂಚಿಗೆ ಬಂದಾಗ ಅದರ ಮೈ ತುಂಬ ಸೂಜಿಮೊನೆಯಷ್ಟು ತೂತುಗಳು. ಹುಳ ತಿಂದಿದೆ ಎಂದು ಎರಡು ದಿನ ಕೂತು, ಬೆಂಕಿಕಡ್ಡಿಯ ತುದಿಯಲ್ಲಿ ಒಂದೊಂದಕ್ಕೂ ಪುಟ್ಟಿ ತುಂಬಿದೆ. ಆಮೇಲೆ ಸ್ಯಾಂಡ್‌ಪೇಪರ್, ಮೊದಲು ಒರಟು, ನಂತರ ನಡುವಿನದು, ಕೊನೆಗೆ ರೇಷ್ಮೆಯಂಥದ್ದು. ಅದರ ಮೇಲೆ ಅರಗಿನ ಪಾಲಿಶ್ ಏಳು ಕೈ. ನೊಣ ಕೂತರೆ ಜಾರಿ ಬಿದ್ದು ಸೊಂಟ ಮುರಿದುಕೊಳ್ಳಬೇಕು, ಹಾಗೆ.

ಆ ಅಮ್ಮ ಬಂದವರು ಅಂಗೈಯನ್ನು ಮೇಜಿನ ಮೇಲಿಟ್ಟು ಈ ಮೂಲೆಯಿಂದ ಆ ಮೂಲೆಗೆ ತಡವಿದರು. ಆಮೇಲೆ ನನ್ನನ್ನು ನೋಡಿ "ಎಲ್ಲಿ?" ಎಂದರು. ಏನು ಎಲ್ಲಿ ಎಂದು ನನಗೆ ತಿಳಿಯಲಿಲ್ಲ.

ಅವರ ತಾಯಿ ಹೊಲಿಗೆಯವರಂತೆ. ಕಾಗದದ ಮೇಲೆ ಅಂಗಿಯ ಅಳತೆ ಬರೆದು, ಅದರ ಗೆರೆಯ ಮೇಲೆ ಹಲ್ಲಿರುವ ಒಂದು ಪುಟ್ಟ ಚಕ್ರ ಉರುಳಿಸುತ್ತಿದ್ದರಂತೆ, ಗುರುತು ಕೆಳಗಿನ ಬಟ್ಟೆಗೆ ಇಳಿಯಲಿ ಎಂದು. ಚಕ್ರದ ಹಲ್ಲು ಬಟ್ಟೆ ದಾಟಿ ಮರಕ್ಕೂ ಇಳಿದಿತ್ತು. ಮೂವರು ಹೆಣ್ಣುಮಕ್ಕಳ ತೊಟ್ಟಿಲ ಅಂಗಿಯಿಂದ ಮದುವೆಯ ರವಿಕೆವರೆಗೂ ಎಲ್ಲ ಆ ಚುಕ್ಕಿಗಳಲ್ಲಿತ್ತಂತೆ. ಇವರು ಕೇಳಿದ್ದು ಅಲ್ಲಾಡುವ ಕಾಲು ಬಿಗಿ ಮಾಡಿ, ಧೂಳು ಒರೆಸಿಕೊಡಿ ಎಂದಷ್ಟೇ.

ನನ್ನ ತಪ್ಪೇನು? ಚೀಟಿಯಲ್ಲಿ ಬರೆದಿತ್ತು: ಕಾಲು ಬಿಗಿ. ನೈಸ್.

ಫೆಬ್ರವರಿ 4, ಮಂಗಳವಾರ

ಚೀಟಿ ಬರೆದವನು ಯಜಮಾನರ ಭಾಮೈದ. ಕೌಂಟರಿನಲ್ಲಿ ಕೂತು ಫೋನು ಎತ್ತುತ್ತಾನೆ, ಇಂಗ್ಲಿಷಿನಲ್ಲಿ ಚೀಟಿ ಬರೆಯುತ್ತಾನೆ. ಆ ಅಮ್ಮ ಫೋನಿನಲ್ಲಿ "ನೈಸಾಗಿ ಮಾಡಿಕೊಡಿ" ಎಂದರಂತೆ, ಇವನು ಬರೆದನಂತೆ. ಎನ್, ಐ, ಸಿ, ಇ. ನಾನು ಓದಿದೆ. ಓದಿ ನುಣುಪು ಮಾಡಿದೆ.

"ಅಂಕಲ್, ನೈಸ್ ಅಂದ್ರೆ ಚೆನ್ನಾಗಿ ಅಂತ," ಎಂದ. "ಸ್ಕೂಲಿಗೆ ಸೇರದೆ ಇರೋ ಮಕ್ಕಳಿಗೂ ಗೊತ್ತು."

"ಈ ಅಂಗಡೀಲಿ ಮೂವತ್ತೊಂದು ವರ್ಷದಿಂದ ನೈಸ್ ಅಂದ್ರೆ ನುಣುಪು," ಎಂದೆ. "ನಿಮ್ಮಕ್ಕ ಈ ಮನೆಗೆ ಸೊಸೆಯಾಗಿ ಬರೋಕೂ ಮುಂಚಿಂದ."

ಬಡಗಿ ಕುಳ್ಳ ಕೀಸುಳಿ ನಿಲ್ಲಿಸಿ ನಕ್ಕ. ಯಜಮಾನರು ನಗಲಿಲ್ಲ. ಪಂಚಾಯಿತಿ ಮಾಡಿದರು: ಹದಿನೇಳನೇ ತಾರೀಕು ಸೋಮವಾರ ಆ ಅಮ್ಮ ಮತ್ತೆ ಬರುತ್ತಾರೆ, ಮೇಜಿನ ಬೆಲೆ ಕೇಳುತ್ತಾರೆ. ಅಷ್ಟರಲ್ಲಿ ನಾನು ಚೀಟಿಯನ್ನು ಸರಿಯಾಗಿ ಓದಿದ್ದೇನೆ ಎಂದು ತೋರಿಸಿದರೆ ತಪ್ಪು ನನ್ನದಲ್ಲ. ಇಲ್ಲದಿದ್ದರೆ ಆ ಬೆಲೆ ನನ್ನ ಕೂಲಿಯಲ್ಲಿ ಮುರಿಯುತ್ತಾರೆ, ಕಿಟಕಿ ಪಕ್ಕದ ನನ್ನ ಬೆಂಚು ಬೇರೆಯವರಿಗೆ.

ಕಿಟಕಿ ಪಕ್ಕದ ಬೆಂಚು. ಅಲ್ಲಿಯ ಓರೆ ಬೆಳಕಿಲ್ಲದೆ ಪಾಲಿಶ್ ನೋಡಲು ಆಗುವುದಿಲ್ಲ. ಅದು ಹೋದರೆ ನಾನು ಬರೀ ಮರ ಉಜ್ಜುವವನು.

ತೋರಿಸುತ್ತೇನೆ. ಗಿರಣಿಯವನು ಹಿಟ್ಟು ನೈಸಾಗಿ ಬೀಸುತ್ತಾನೆ, ಅಂದರೆ ನುಣ್ಣಗೆ. ಸಾಲಗಾರ ನೈಸಾಗಿ ಜಾರಿಕೊಳ್ಳುತ್ತಾನೆ, ಅಂದರೆ ನುಣ್ಣಗೆ. ಕೆಲಸ ಆಗಬೇಕಾದಾಗ ಒಬ್ಬರಿಗೊಬ್ಬರು ನೈಸ್ ಮಾಡುತ್ತಾರೆ, ಅದೂ ಪಾಲಿಶ್ಶೇ. ನಾಡಿಗೆ ನಾಡೇ ನನ್ನ ಕಡೆಗಿದೆ. ಇಂಗ್ಲಿಷಿನವರು ಒಪ್ಪದಿದ್ದರೆ ಅವರ ಪುಸ್ತಕ ತೆಗೆಸಿ ಅವರ ಬಾಯಿಂದಲೇ ಹೇಳಿಸುತ್ತೇನೆ.

ಫೆಬ್ರವರಿ 6, ಗುರುವಾರ

ಅಣ್ಣನ ಮಗಳು ದೊಡ್ಡ ಲೈಬ್ರರಿಯಲ್ಲಿ ಕೆಲಸಕ್ಕಿದ್ದಾಳೆ. ಊಟದ ಬಿಡುವಿನಲ್ಲಿ ಹೋದೆ. ಚಪ್ಪಲಿ ಸದ್ದು ಮಾಡಬೇಡಿ ಚಿಕ್ಕಪ್ಪ ಎಂದು ಶುರು ಮಾಡಿದಳು. ಅಲ್ಲಿಯ ಓದುವ ಮೇಜಿಗೆ ಯಾರೋ ವಾರ್ನಿಶ್ ಬಳಿದಿದ್ದಾರೆ, ಗೋಡೆಗೆ ಸುಣ್ಣ ಬಳಿದ ಹಾಗೆ. ಜೋರಾಗಿಯೇ ಹೇಳಿದೆ.

ನಮ್ಮ ಊರ ಶಾಲೆಯಲ್ಲಿ ಒಬ್ಬರೇ ಮೇಷ್ಟ್ರು. ಇಂಗ್ಲಿಷ್ ಪಾಠ ಬಂದ ದಿನ ಅವರಿಗೆ ತಲೆನೋವು ಬರುತ್ತಿತ್ತು. ಆದ್ದರಿಂದ ನನಗೆ ಅಕ್ಷರ ಅಷ್ಟೂ ಗೊತ್ತು, ಅವು ಕೂಡಿಕೊಂಡು ಏನು ಪಿತೂರಿ ಮಾಡುತ್ತವೆ ಎಂಬುದು ಗೊತ್ತಿಲ್ಲ. ಅವಳೇ ಶಬ್ದಕೋಶ ತೆಗೆದು ಓದಿ ಹೇಳಿದಳು. ಮೊದಲ ಅರ್ಥ: ಹಿತವಾದ, ಚೆನ್ನಾದ. ಭಾಮೈದ ಹೇಳಿದ್ದೇ.

ನನ್ನ ವಾದ ಮುಂದಿಟ್ಟೆ. ನಮ್ಮಲ್ಲಿ ನಯ ಎಂಬ ಪದ ಇದೆ. ನಯ ಅಂದರೆ ನುಣುಪು. ನಯ, ನಯಸು, ನೈಸ್. ಅವರು ಹಡಗಿನಲ್ಲಿ ಮೆಣಸು ಹೊತ್ತುಕೊಂಡು ಹೋಗುವಾಗ ಇದನ್ನೂ ಗೋಣಿಯಲ್ಲಿ ತುಂಬಿಕೊಂಡು ಹೋಗಿದ್ದಾರೆ.

ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಬಹುಶಃ ಉಲ್ಟಾ ಇರಬೇಕು ಎಂದಳು. ಅವರ ನೈಸ್ ನಮ್ಮ ಕಿವಿಗೆ ಬಿದ್ದಾಗ ನಮಗೆ ನಯ ಎಂದು ಕೇಳಿಸಿರಬೇಕು, ಅದರಿಂದ ನಮ್ಮ ನೈಸು ನುಣುಪಾಗಿರಬೇಕು, ಇದು ನನ್ನ ಊಹೆ ಅಷ್ಟೆ ಎಂದಳು. ಊಹೆ ಮನೆಯಲ್ಲಿ ಇಟ್ಟುಕೋ, ಹಳೆಯ ಪುಸ್ತಕ ತೆಗೆ ಎಂದೆ. ಮೇಲಿನ ಕೋಟು ಕೆರೆಯದೆ ಮರದ ಬಣ್ಣ ತಿಳಿಯುವುದಿಲ್ಲ.

ಫೆಬ್ರವರಿ 8, ಶನಿವಾರ

ಗೆದ್ದೆ!

ಪದಗಳ ಹುಟ್ಟು ಹೇಳುವ ಬೇರೆಯೇ ಪುಸ್ತಕ ಇದೆಯಂತೆ. ದಿಂಬಿನಷ್ಟು ದಪ್ಪ. ನೈಸ್ ಎಂಬುದಕ್ಕೆ ಚೆನ್ನಾಗಿ ಎಂಬ ಅರ್ಥ ಬಂದದ್ದು ತೀರ ಈಚೆಗೆ, ಇನ್ನೂರೈವತ್ತು ವರ್ಷ ಆಯಿತೇನೋ. ಅದಕ್ಕೂ ಹಿಂದೆ ನೈಸ್ ಎಂದರೆ ಸೂಕ್ಷ್ಮ, ನಾಜೂಕು, ಕೂದಲೆಳೆಯಷ್ಟೂ ತಪ್ಪದ ಅಚ್ಚುಕಟ್ಟು. ಇದು ನನ್ನ ಕೆಲಸದ ವರ್ಣನೆಯೇ ಹೊರತು ಬೇರೇನಲ್ಲ. ನನ್ನನ್ನು ಕಾಣದೆ ಬರೆದಿದ್ದಾರೆ ಎಂಬುದೊಂದೇ ಆಶ್ಚರ್ಯ.

ನುಣುಪು ಅಂತ ಇಲ್ವಲ್ಲ ಚಿಕ್ಕಪ್ಪ ಎಂದಳು. ಹತ್ತಿರ ಬಂದಿದೆ, ಬಾಗಿಲು ತಟ್ಟುತ್ತಿದೆ ಎಂದೆ.

ಆ ಹಾಳೆಯ ನಕಲು ತೆಗೆಸಿ, ಕೆಳಗೆ ಅವಳಿಂದ ಕನ್ನಡದಲ್ಲಿ ಅರ್ಥ ಬರೆಸಿ, ಯಜಮಾನರ ಮುಂದೆ ಇಟ್ಟೆ. ಕನ್ನಡಕ ಹಾಕಿ ಓದಿದರು. ಮುಖ ಅರಳಿತು. ಹದಿನೇಳಕ್ಕೆ ಇದನ್ನು ಆ ಅಮ್ಮನ ಎದುರು ನೀನೇ ಓದಬೇಕು, ಅವರು ನೈಸ್ ಕೇಳಿದರು ನಾವು ನೈಸ್ ಕೊಟ್ಟೆವು, ಬಿಡಿಗಾಸೂ ಕೊಡುವುದಿಲ್ಲ ಎಂದುಬಿಡೋಣ ಎಂದರು. ಬೆಂಚು ನಿನ್ನದೇ ಎಂದರು. ಟೀ ತರಿಸಿದರು. ಮೂವತ್ತೊಂದು ವರ್ಷದಲ್ಲಿ ಅವರಾಗಿ ತರಿಸಿದ ಎರಡನೇ ಟೀ.

ಭಾಮೈದನ ಮುಖ ನೋಡಬೇಕಿತ್ತು. ಹೊಟ್ಟು ಕುಕ್ಕಿದ ಕೋಳಿ.

ಫೆಬ್ರವರಿ 9, ಭಾನುವಾರ

ಮನೆಯಲ್ಲಿ ಎಲ್ಲರಿಗೂ ಎರಡು ಸಲ ಹೇಳಿದೆ. ನನ್ನವಳು ಮೂರನೇ ಸಲಕ್ಕೆ, "ಆ ಅಮ್ಮನ ಚುಕ್ಕಿ ವಾಪಸ್ ಬಂತೇನ್ರೀ ಇದರಿಂದ?" ಎಂದಳು.

ಹೆಂಗಸರಿಗೆ ಕಾನೂನು ತಿಳಿಯುವುದಿಲ್ಲ.

ಫೆಬ್ರವರಿ 11, ಮಂಗಳವಾರ

ಅಣ್ಣನ ಮಗಳು ಫೋನು ಮಾಡಿದ್ದಳು. ವಿಷಯ ಆ ಪುಟಕ್ಕೇ ಮುಗಿದಿರಲಿಲ್ಲವಂತೆ, ಮಗ್ಗುಲ ಪುಟದಲ್ಲಿ ಇನ್ನೂ ಹಿಂದಿನ ಕಥೆ ಇದೆಯಂತೆ. ಸಾಕು ಬಿಡು ಎಂದೆ. ಹಾಗೆಂದು ಫೋನು ಇಟ್ಟವನು ಅರ್ಧ ಗಂಟೆಯಲ್ಲಿ ಲೈಬ್ರರಿಯಲ್ಲಿದ್ದೆ. ಅರ್ಧ ಕೆರೆದ ಮರ ನೋಡಿಕೊಂಡು ನನ್ನಿಂದ ಇರಲಾಗುವುದಿಲ್ಲ.

ಇಂಗ್ಲಿಷಿನವರು ಈ ಪದವನ್ನು ಫ್ರೆಂಚರಿಂದ ತಂದುಕೊಂಡದ್ದು, ಏಳುನೂರು ವರ್ಷದ ಹಿಂದೆ. ಆಗ ಅಲ್ಲಿ ನೈಸ್ ಅಂದರೆ ಪೆದ್ದ. ತಿರುಗಿ ಓದು ಎಂದೆ. ಪೆದ್ದ, ದಡ್ಡ, ಕೈಲಾಗದವ. ಫ್ರೆಂಚರಿಗೆ ಲ್ಯಾಟಿನ್ನಿನಿಂದ ಬಂದದ್ದು, ಅಲ್ಲಿ ಅದು ನೆಸ್ಕಿಯುಸ್. ನೆ ಎಂದರೆ ಇಲ್ಲ. ಸ್ಕಿರೆ ಎಂದರೆ ತಿಳಿ. ತಿಳಿಯದವನು.

ಪೆದ್ದ ಆಗಿದ್ದದ್ದು ಅಂಜುಬುರುಕ ಆಯಿತಂತೆ, ಅಂಜುಬುರುಕ ನಾಜೂಕಿನವ ಆದನಂತೆ, ನಾಜೂಕು ಸೂಕ್ಷ್ಮ ಆಯಿತಂತೆ, ಸೂಕ್ಷ್ಮ ಚೆನ್ನಾಗಿ ಆಯಿತಂತೆ. ಪೋಲಿ ಹುಡುಗ ಊರೂರು ಸುತ್ತಿ ದೊಡ್ಡ ಮನುಷ್ಯನಾಗಿ ಬಂದ ಹಾಗೆ.

ಇದನ್ನೂ ಬರೆದು ಕೊಡಲಾ, ಕನ್ನಡದಲ್ಲಿ ಎಂದಳು. ಬೇಡ ಎಂದೆ. ಆದರೂ ಬರೆದಳು. ಜೇಬಿಗೆ ಹಾಕಿಕೊಂಡೆ, ಅಲ್ಲಿ ಬಿಟ್ಟುಬಂದರೆ ಯಾರಾದರೂ ಓದಿಬಿಟ್ಟಾರು ಎಂದು.

ಫೆಬ್ರವರಿ 12, ಬುಧವಾರ

ನಾಲ್ಕು ಕುರ್ಚಿ. ಎರಡು ಕೈ ಪಾಲಿಶ್.

ಫೆಬ್ರವರಿ 13, ಗುರುವಾರ

ಒಂದು ಸ್ಟೂಲು ಬಂತು. ಅದರ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟು ಸುಟ್ಟ ಕರಿ ಗುರುತು. ಚೀಟಿಯಲ್ಲಿ ಮತ್ತೆ ಅದೇ ಎನ್, ಐ, ಸಿ, ಇ. ಸ್ಟೂಲಿನ ಯಜಮಾನ ಇನ್ನೂ ಬಾಗಿಲಲ್ಲೇ ಇದ್ದ. ಕರೆದು ಕೇಳಿದೆ, ಈ ಸುಟ್ಟ ಗುರುತು ಇರಬೇಕೋ ಹೋಗಬೇಕೋ ಎಂದು. ಅವನು ನನ್ನನ್ನೇ ಸುಟ್ಟುಹೋದವನ ಹಾಗೆ ನೋಡಿ, ಹೋಗಲಿ ಮಾರಾಯ್ರೇ, ಅದಕ್ಕೇ ತಂದದ್ದು ಎಂದ. ಕುಳ್ಳ ಬಡಗಿ, "ಇನ್ನು ಮೇಲೆ ಧೂಳಿಗೂ ಅರ್ಜಿ ಬರೆಸ್ಕೋತೀಯೇನೋ?" ಎಂದ. ಸುಮ್ಮನೆ ಬೇಸರ ಕಳೆಯಲು ಕೇಳಿದೆ, ಬೇರೇನಿಲ್ಲ.

ಮಧ್ಯಾಹ್ನ ಲೈಬ್ರರಿಗೆ ಜಗಳಕ್ಕೆ ಹೋದೆ. ಆ ಸ್ಕಿರೆ ಎಲ್ಲಿಂದ ಬಂತು, ಅವನ ಅಪ್ಪ ಯಾರು, ತಾತ ಯಾರು, ಎಲ್ಲರನ್ನೂ ಕರೆಸು ಎಂದೆ. ನಗುತ್ತಲೇ ಹುಡುಕಿದಳು. ಖಚಿತ ಅಲ್ಲ, ಪಂಡಿತರು ಹೆಚ್ಚಾಗಿ ಹೀಗೆ ಹೇಳುತ್ತಾರೆ ಎಂದು ಮೊದಲೇ ಎಚ್ಚರಿಸಿದಳು. ಸ್ಕಿರೆಗೆ ಮೊದಲಿದ್ದ ಅರ್ಥ ಕತ್ತರಿಸು, ಸೀಳು, ಒಂದನ್ನು ಇನ್ನೊಂದರಿಂದ ಬೇರೆ ಮಾಡು. ಸಂಸ್ಕೃತದ ಛೇದವೂ ಅದೇ ಬೇರಿನದಂತೆ. ಬೇರೆ ಮಾಡಿ ನೋಡುವುದೇ ತಿಳಿಯುವುದು.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ನಮ್ಮಲ್ಲೂ ಇದೆಯಲ್ಲ! ಅರಿ ಅಂದರೆ ತಿಳಿ. ತಲೆ ಅರಿದ ಅಂದರೆ ಕತ್ತರಿಸಿದ. ಲ್ಯಾಟಿನ್ನಿನವರಿಗೆ ಹೊಳೆದದ್ದು ನಮ್ಮಜ್ಜಿಗೂ ಹೊಳೆದಿತ್ತು.

"ಅವೆರಡೂ ಬೇರೆ ಚಿಕ್ಕಪ್ಪ," ಎಂದಳು. "ಹಳಗನ್ನಡದಲ್ಲಿ ತಿಳಿಯೋ ಅರಿಗೆ ಬೇರೆ ರ ಇತ್ತು. ಆ ಅಕ್ಷರ ಬಿಟ್ಟುಹೋಗಿ ಈಗ ಒಂದೇ ಥರ ಕಾಣುತ್ತೆ ಅಷ್ಟೆ."

ಆ ಅಕ್ಷರವನ್ನು ಬರೆದು ತೋರಿಸಿದಳು. ಅಂಥ ಒಂದು ರ ಇತ್ತೆಂದು ಮೇಷ್ಟ್ರು ನಮಗೆ ಹೇಳಿರಲಿಲ್ಲ. ಅದನ್ನೂ ಯಾರೋ ಉಜ್ಜಿ ನುಣ್ಣಗೆ ಮಾಡಿಬಿಟ್ಟಿದ್ದಾರೆ. ಒಳಗೆ ಎರಡು ಇದ್ದವು, ಮೇಲೆ ಒಂದೇ ಕಾಣುತ್ತದೆ.

ಇದು ಅವಳು ಹೇಳಿದ್ದೋ ನನಗೆ ಹೊಳೆದದ್ದೋ ನೆನಪಿಲ್ಲ. ನನಗೇ ಹೊಳೆದಿರಬೇಕು.

ಫೆಬ್ರವರಿ 15, ಶನಿವಾರ

ಅಂಗಡಿ ಅರ್ಧ ದಿನ. ಎಲ್ಲರೂ ಹೋದ ಮೇಲೆ ಮೇಜಿನ ಮೇಲಿನ ಬಟ್ಟೆ ತೆಗೆದೆ. ಕಿಟಕಿಯ ಬೆಳಕು ಓರೆಯಾಗಿ ಬೀಳುತ್ತಿತ್ತು. ನನ್ನ ಮುಖ ಕಾಣಿಸಿತು, ಹಲ್ಲಿನ ಸಂದಿ ಸಮೇತ. ಇಂಥ ಪಾಲಿಶ್ ಇನ್ನೊಬ್ಬನಿಂದ ಆಗದು, ಇದು ಜಂಬವಲ್ಲ.

ಹುಳ ಸಾಲಾಗಿ ತೂತು ಕೊರೆಯುವುದಿಲ್ಲ. ಹುಳಕ್ಕೆ ಅಳತೆ ಪಟ್ಟಿ ಇಲ್ಲ. ಹುಳದ ತೂತಿನಿಂದ ಹಿಟ್ಟಿನಂಥ ಪುಡಿ ಬರುತ್ತದೆ, ಇದರಿಂದ ಬಂದಿರಲಿಲ್ಲ. ಇದು ನನಗೆ ಹತ್ತನೇ ವಯಸ್ಸಿನಿಂದ ಗೊತ್ತು. ಬೆಂಕಿಕಡ್ಡಿ ಹಿಡಿದು ಎರಡು ದಿನ ಕೂತಾಗಲೂ ಗೊತ್ತಿತ್ತು. ಎಡಗಡೆ ಮೂಲೆಯಲ್ಲಿ ಚುಕ್ಕಿಗಳು ಬಿಲ್ಲಿನ ಹಾಗೆ ಬಾಗಿದ್ದವು. ನಡುವೆ ಒಂದರ ಒಳಗೊಂದು ಮೂರು ಅರ್ಧಚಂದ್ರ. ಏನಪ್ಪಾ ಈ ಹುಳ ಇಷ್ಟು ಅಚ್ಚುಕಟ್ಟು ಎಂದು ಒಂದು ಗಳಿಗೆ ಕೈ ನಿಂತದ್ದು ನೆನಪಿದೆ. ನಿಂತ ಕೈ ಮತ್ತೆ ಹೊರಟಿತು.

ಬಟ್ಟೆ ಮುಚ್ಚಿ ಬಂದೆ. ಸೋಮವಾರ ಓದುವುದು ನಕಲು ಹಾಳೆಯನ್ನೇ. ಬೆಂಚು ಬಿಟ್ಟುಕೊಡಲು ನನಗೇನು ಹುಚ್ಚೇ?

ಫೆಬ್ರವರಿ 17, ಸೋಮವಾರ

ಆ ಅಮ್ಮ ಹತ್ತು ಗಂಟೆಗೆ ಸರಿಯಾಗಿ ಬಂದರು. ಅಳುವ ಮುಖವಲ್ಲ, ಗಂಟು ಹಾಕಿದ ಮುಖ. ಯಜಮಾನರು ಕುರ್ಚಿ ಕೊಟ್ಟರು, ಕೂರಲಿಲ್ಲ. ಭಾಮೈದ, ಕುಳ್ಳ, ಎಲ್ಲರೂ ಸುತ್ತ ನಿಂತರು. ಯಜಮಾನರು ಗಂಟಲು ಸರಿಮಾಡಿಕೊಂಡು ದೊಡ್ಡ ಮಾತಾಡಿದರು: ನಮ್ಮಲ್ಲಿ ಕೆಲಸಗಾರರು ಸಹ ಇಂಗ್ಲಿಷ್ ಶಬ್ದಕೋಶ ನೋಡದೆ ಸ್ಯಾಂಡ್‌ಪೇಪರ್ ಮುಟ್ಟುವುದಿಲ್ಲ, ಓದಪ್ಪ.

ಓದಿದೆ. ಸೂಕ್ಷ್ಮ, ನಾಜೂಕು, ಕೂದಲೆಳೆಯಷ್ಟೂ ತಪ್ಪದ ಅಚ್ಚುಕಟ್ಟು. ಹಾಳೆ ಮುಗಿಯಿತು. ಯಜಮಾನರು, ನೋಡಿದಿರಾ ಅಮ್ಮ, ತಾವು ಕೇಳಿದ್ದೇ ನಾವು ಕೊಟ್ಟದ್ದು ಎಂದರು. ಆ ಅಮ್ಮ ಮೇಜಿನ ಮೇಲೆ ಕೈ ಇಟ್ಟುಕೊಂಡೇ ಇದ್ದರು. ಬೆರಳು ಏನನ್ನೋ ಹುಡುಕುತ್ತಿತ್ತು, ನುಣುಪಿನ ಮೇಲೆ ಜಾರುತ್ತಿತ್ತು. ನನ್ನ ಏಳು ಕೈ ಪಾಲಿಶ್ ಅದು. ಒಳ್ಳೆಯ ಕೆಲಸದ ಮೇಲೆ ಕೈ ಹಾಗೆ ಅಲೆದಾಡಬಾರದು. ಅದನ್ನು ನನಗೆ ಸಹಿಸಲಾಗಲಿಲ್ಲ. ಯಜಮಾನರ ಟೀಗೆ ನನ್ನ ನಾಲಗೆ ಅಡವಿಟ್ಟಿಲ್ಲ ಎಂದೂ ಅನ್ನಿಸಿತು.

"ಅಮ್ಮ, ಇದು ಅರ್ಧ," ಎಂದೆ. "ಇನ್ನರ್ಧ ಜೇಬಲ್ಲಿದೆ."

ಅಣ್ಣನ ಮಗಳ ಚೀಟಿ ತೆಗೆದು ಅದನ್ನೂ ಓದಿದೆ. ಫ್ರೆಂಚರದ್ದು, ಲ್ಯಾಟಿನ್ನಿನದ್ದು, ಎಲ್ಲ. ಯಜಮಾನರು ಮೊದಲು ಕೆಮ್ಮಿದರು, ಆಮೇಲೆ ಸಾಕು ಎಂದರು, ಆಮೇಲೆ ನನ್ನ ತೋಳು ಹಿಡಿದರು. ಕೊಡವಿಕೊಂಡೆ. ಗಟ್ಟಿಯಾಗಿಯೇ ಹೇಳಿದೆ.

"ಈ ಪದ ಹುಟ್ಟಿದಾಗ ಅದರ ಅರ್ಥ ತಿಳಿಯದವನು ಅಂತ. ಆ ಚೀಟೀಲಿ ಇದ್ದಿದ್ದು ಕೆಲಸ ಅಲ್ಲಮ್ಮ, ನನ್ನ ಹೆಸರು. ಹುಳದ ತೂತನ್ನೂ ಚಕ್ರದ ಚುಕ್ಕೀನೂ ಬೇರೆ ಮಾಡಿ ನೋಡ್ಲಿಲ್ಲ ನಾನು. ಕೈ ಒಂದ್ಸಲ ನಿಲ್ತು. ಕೇಳ್ಲಿಲ್ಲ."

ಆ ಅಮ್ಮ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಗೊತ್ತಾಗ್ಲಿಲ್ಲ ಅಂತ ಹೇಳೋಕೆ ಲ್ಯಾಟಿನ್ನಿನ ತನಕ ಹೋಗ್ಬೇಕಿತ್ತಾ?"

"ನನಗೆ ಅದಕ್ಕಿಂತ ಹತ್ತಿರದ ದಾರಿ ಇರ್ಲಿಲ್ಲಮ್ಮ."

ಕುಳ್ಳ ನಕ್ಕುಬಿಟ್ಟ. ಅವರು ನಗಲಿಲ್ಲ. ಆದರೆ ಕುರ್ಚಿ ಎಳೆದುಕೊಂಡು ಕೂತರು.

ಕುಳ್ಳನ ಕಿವಿಯ ಮೇಲಿದ್ದ ಸೀಮೆಸುಣ್ಣ ಕಿತ್ತುಕೊಂಡು ಎಡ ಮೂಲೆಗೆ ಬಂದೆ. ಆ ಚುಕ್ಕಿಗಳನ್ನು ಕೊನೆಯದಾಗಿ ನೋಡಿದವನು ನಾನು. ಒಂದೊಂದನ್ನೂ ಬೆಂಕಿಕಡ್ಡಿಯಿಂದ ಮುಟ್ಟಿದ್ದೇನೆ. ಬಿಲ್ಲಿನ ಹಾಗೆ ಬಾಗಿದ ಸಾಲು ಇಟ್ಟೆ, ಚುಕ್ಕಿ ಚುಕ್ಕಿಯಾಗಿ.

"ಅಲ್ಲ," ಎಂದರು. "ಅದು ಕಂಕುಳ ತಿರುವು. ಇನ್ನೂ ಒಳಗೆ ಬರ್ಬೇಕು. ನಮ್ಮಕ್ಕ ತೆಳ್ಳಗಿದ್ದಳು."

ಒರೆಸಿ ಇನ್ನೂ ಒಳಗೆ ಇಟ್ಟೆ. ಹೂಂ ಎಂದರು. ನಡುವಿನ ಮೂರು ಅರ್ಧಚಂದ್ರ ಇಟ್ಟೆ. ಅವು ಮೂವರ ಕಾಲರು, ದೊಡ್ಡದು ಅಕ್ಕನದು, ಒಳಗಿನ ಚಿಕ್ಕದು ಇವರದು. ಅಂಚಿನಲ್ಲಿ ಒಂದು ನೇರ ಸಾಲು ಇಟ್ಟಾಗ ಇದು ಇರಲೇ ಇಲ್ಲ ಎಂದರು. ಇತ್ತು ಎಂದೆ. ಇರಲಿಲ್ಲ ಎಂದರು. ಸಾವಿರದ ಎಂಬತ್ತಮೂರು ತೂತು ತುಂಬಿದ್ದೇನೆ ಅಮ್ಮ, ಮಾತಾಡಬೇಡಿ ಎಂದೆ. ಬಗ್ಗಿ ಆ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದರು. ಆಮೇಲೆ, ಅದು ಪರದೆ, ಅಡುಗೆಮನೆಯ ಕಿಟಕಿಯದು, ನನಗೇ ಮರೆತಿತ್ತು ಎಂದರು. ಎದ್ದು ಬಂದು ಸೀಮೆಸುಣ್ಣ ನನ್ನ ಕೈಯಿಂದ ತೆಗೆದುಕೊಂಡು ಉಳಿದದ್ದನ್ನು ಅವರೇ ಇಟ್ಟರು.

ಬೇಕಾದರೆ ಇದರ ಮೇಲೇ ಚುಚ್ಚಿಕೊಡುತ್ತೇನೆ, ನಿಮ್ಮ ತಾಯಿಗೂ ಗುರುತು ಸಿಗದ ಹಾಗೆ ಎಂದೆ.

"ಮುಟ್ಟಬೇಡಿ," ಎಂದರು.

ಮುಟ್ಟಲಿಲ್ಲ.

ಹಾಗೆಂದು ಬೆಲೆ ಬಿಟ್ಟುಕೊಡಲಿಲ್ಲ. ಬೆಲೆ ಕಟ್ಟೋಕಾಗಲ್ಲ ಅಂತ ಸುಮ್ಮನೆ ಹೋಗೋಳಲ್ಲ ನಾನು ಎಂದು ಯಜಮಾನರಿಗೆ ಹೇಳಿ, ಪೂರ್ತಿ ತೆಗೆದುಕೊಂಡರು. ಸರಿಯಾದ ಹೆಂಗಸು. ಮೇಜನ್ನು ಹೊರುವವರಿಗೆ ಅಂಚು ಮಾತ್ರ ಹಿಡಿಯಿರಿ, ಮೇಲೆ ಉಸಿರೂ ತಾಗಬಾರದು ಎಂದು ಗಾಡಿಯವರೆಗೂ ಬೈದುಕೊಂಡು ಹೋದೆ.

ಫೆಬ್ರವರಿ 19, ಬುಧವಾರ

ನಿನ್ನೆ ಯಜಮಾನರು ನನ್ನ ಬೆಂಚಿಗೆ ಬೇರೊಬ್ಬನನ್ನು ಕೂರಿಸಿದರು. ಅವನು ಮಧ್ಯಾಹ್ನದೊಳಗೆ ಒಂದು ಕಪಾಟಿನ ಬಾಗಿಲಿಗೆ ಪಾಲಿಶನ್ನು ಜಡ್ಡುಗಟ್ಟಿಸಿದ. ಇವತ್ತು ಬೆಳಗ್ಗೆ ಯಜಮಾನರು ನನ್ನ ಮುಖ ನೋಡದೆ, ಹೋಗಿ ಕೂತ್ಕೋ ಎಂದರು. ಒಂದು ಷರತ್ತು ಇದೆ ಎಂದೆ. ಷರತ್ತು ಹಾಕುವ ಸ್ಥಿತಿಯಲ್ಲಿ ನೀನಿದ್ದೀಯಾ ಎಂದರು. ಇದ್ದೇನೆ ಎಂದೆ. ಇನ್ನು ಮೇಲೆ ಚೀಟಿಯಲ್ಲಿ ನೈಸ್ ಎಂದು ಬರೆಯಕೂಡದು. ಯಾವುದು ಹೋಗಬೇಕು, ಯಾವುದು ಉಳಿಯಬೇಕು, ಎರಡು ಸಾಲು, ಕನ್ನಡದಲ್ಲಿ. ಭಾಮೈದನಿಗೆ ಕನ್ನಡ ಬರೆಯಲು ಬರುವುದಿಲ್ಲವಂತೆ. ಕಲಿಯಲಿ. ನಾನು ಈ ವಯಸ್ಸಿನಲ್ಲಿ ಲ್ಯಾಟಿನ್ ಕಲಿತೆ.

ಬೆಲೆಯ ವಿಷಯದಲ್ಲಿ ಯಜಮಾನರು ಹೇಳಿದಂತೆಯೇ ನಡೆದುಕೊಂಡರು. ನಾನೂ ಬೇಡ ಎನ್ನಲಿಲ್ಲ. ಕುಳ್ಳ ಕೇಳಿದಾಗ ಏನೋ ಐನೂರು ಮುರಿದರು ಎಂದೆ. ನನ್ನವಳಿಗೆ ಎರಡು ಸಾವಿರ ಎಂದೆ. ಅಣ್ಣನ ಮಗಳಿಗೆ, ಗೌರವದಿಂದ, ಐದು ಸಾವಿರ ಎಂದೆ.

ಇದನ್ನು ಯಾರೂ ಓದುವುದಿಲ್ಲ. ಹದಿನೆಂಟು ಸಾವಿರದ ನಾನೂರು.